ಅರ್ಧ ಗುಂಟೆಯ ಕಾವಲು



ತರಕಾರಿ ಸಸಿಮಡಿಗೆ ಹೊದಿಕೆ ಹಾಕುವ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳುತ್ತೇನೆ. ಹಳೇ ಮೈಸೂರಿನ ಕಡೆ ಸಸಿಮಡಿಗೆ ಒಟ್ಟಲು ಎನ್ನುವುದುಂಟು, ಉತ್ತರದ ಕಡೆ ಸಸಿಗೆ ಅಗಿ ಎನ್ನುವುದುಂಟು. ಹೆಸರು ಯಾವುದಾದರೂ ಇರಲಿ, ಟೊಮ್ಯಾಟೊ, ಮೆಣಸಿನಕಾಯಿ, ಬದನೆ, ಕೋಸು, ಇವೆಲ್ಲ ಮೊದಲು ಮಡಿಯಲ್ಲಿ ಹುಟ್ಟಿ ಆಮೇಲೆ ಹೊಲಕ್ಕೆ ಹೋಗುವ ಬೆಳೆಗಳು. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಆ ಮೊಳಕೆ ಎಲ್ಲಿದೆ, ಎಷ್ಟು ಜಾಗದಲ್ಲಿದೆ ಎಂಬುದನ್ನು ಮೊದಲು ಲೆಕ್ಕ ಹಾಕಿ ನೋಡೋಣ.

ಒಂದು ಎಕರೆ ಎಂದರೆ ೪೦ ಗುಂಟೆ, ಅಂದರೆ ೪೩,೫೬೦ ಚದರಡಿ. ಟೊಮ್ಯಾಟೊವನ್ನು ಸಾಲಿನಿಂದ ಸಾಲಿಗೆ ೩ ಅಡಿ, ಗಿಡದಿಂದ ಗಿಡಕ್ಕೆ ೨ ಅಡಿ ಬಿಟ್ಟು ನೆಟ್ಟರೆ ಒಂದು ಗಿಡಕ್ಕೆ ೬ ಚದರಡಿ ಜಾಗ. ಎಕರೆಗೆ ೭,೨೬೦ ಗಿಡ ಆಯಿತು. ಇಷ್ಟು ಸಸಿ ಎಬ್ಬಿಸಲು ೨೫ ಅಡಿ ಉದ್ದ, ೪ ಅಡಿ ಅಗಲದ ನಾಲ್ಕು ಮಡಿ ಸಾಕು. ನಾಲ್ಕೂ ಸೇರಿ ೪೦೦ ಚದರಡಿ. ಗುಂಟೆಗೆ ೧,೦೮೯ ಚದರಡಿ. ಅಂದಮೇಲೆ ಇದು ಅರ್ಧ ಗುಂಟೆಗೂ ಕಮ್ಮಿ.

ಈಗ ನೀವೇ ಹೇಳಿ. ಅರ್ಧ ಗುಂಟೆಯನ್ನು ಒಂದು ತಿಂಗಳು ಕಾಯುವುದು ಸುಲಭವೋ, ನಲವತ್ತು ಗುಂಟೆಯನ್ನು ನಾಲ್ಕು ತಿಂಗಳು ಕಾಯುವುದು ಸುಲಭವೋ? ರೋಗ ಹಿಡಿದ ಸಸಿಯನ್ನು ಹೊಲಕ್ಕೆ ಒಯ್ದು ನೆಟ್ಟ ಮೇಲೆ ಗೊಬ್ಬರ, ಕೂಲಿ, ಊರೆಕೋಲು, ಔಷಧಿ ಎಂದು ಎಷ್ಟು ಸುರಿದರೂ ಅದು ಸುರಿದ ದುಡ್ಡೇ ಹೊರತು ಬರುವ ದುಡ್ಡಲ್ಲ. ಆದುದರಿಂದ ಕಾವಲು ಇರಬೇಕಾದದ್ದು ಮಡಿಯಲ್ಲಿ.

ಎಳೆಯ ಸಸಿಗೆ ಶತ್ರುಗಳು ಯಾರು ಯಾರು? ಚಳಿಗಾಲದಲ್ಲಿ ರಾತ್ರಿಯ ಶೀತ, ಮಳೆಗಾಲದಲ್ಲಿ ಹೊಡೆಯುವ ಹನಿ, ಬೇಸಿಗೆಯಲ್ಲಿ ಸುಡುವ ಬಿಸಿಲು. ಇವು ಕಾಲಕ್ಕೊಂದು ಬರುವ ಶತ್ರುಗಳು. ಇವಲ್ಲದೆ ವರ್ಷವಿಡೀ ಕಾದು ಕೂತಿರುವ ಇಬ್ಬರಿದ್ದಾರೆ: ಮಣ್ಣಿನಿಂದ ಬರುವ ಬುಡಕೊಳೆ, ಗಾಳಿಯಲ್ಲಿ ಬರುವ ಬಿಳಿ ನೊಣ. ಈ ಎಲ್ಲಕ್ಕೂ ಒಂದೇ ಚೌಕಟ್ಟು ಕಟ್ಟಿ, ಕಾಲ ನೋಡಿ ಮೇಲಿನ ಹೊದಿಕೆ ಬದಲಾಯಿಸಿದರೆ ಕೆಲಸ ನಡೆಯುತ್ತದೆ.

ಇದು ಹೊಸದಾಗಿ ಹುಟ್ಟಿದ ಯೋಚನೆಯೇನಲ್ಲ. ಹಿಮ ಬೀಳುವ ದೇಶಗಳಲ್ಲಿ ತೋಟದವರು ನೆಲದ ಮೇಲೆ ತಳವಿಲ್ಲದ ಒಂದು ಪೆಟ್ಟಿಗೆ ಕೂರಿಸುತ್ತಾರೆ. ಪಕ್ಕಕ್ಕೆ ಹಲಗೆ ಅಥವಾ ಇಟ್ಟಿಗೆ, ಮೇಲಕ್ಕೆ ಗಾಜಿನ ಮುಚ್ಚಳ. ಹಿಂದಿನ ಗೋಡೆ ಎತ್ತರ, ಮುಂದಿನದು ತಗ್ಗು. ಮುಚ್ಚಳ ದಕ್ಷಿಣಕ್ಕೆ ಇಳಿಜಾರಾಗಿರುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಬಿಸಿಲು ನೇರವಾಗಿ ಒಳಗೆ ಬೀಳಲಿ ಎಂದು ಹಾಗೆ. ಇದಕ್ಕೆ ಇಂಗ್ಲಿಷಿನವರು ಕೋಲ್ಡ್ ಫ್ರೇಮ್ ಎನ್ನುತ್ತಾರೆ. ಒಳಗೆ ಬೆಂಕಿ ಇಲ್ಲ, ಹಬೆ ಇಲ್ಲ. ಹಗಲು ಬಿದ್ದ ಬಿಸಿಲಿನ ಕಾವನ್ನೇ ಮಣ್ಣು ಹಿಡಿದುಕೊಂಡು ರಾತ್ರಿ ಬಿಡುತ್ತದೆ, ಗಾಜು ಅದನ್ನು ಓಡಿಹೋಗದಂತೆ ತಡೆಯುತ್ತದೆ. ೧೯ನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಸುತ್ತಲಿನ ತರಕಾರಿ ಬೆಳೆಗಾರರು ಇಂಥ ಪೆಟ್ಟಿಗೆಯ ಕೆಳಗೆ ಹಸಿ ಕುದುರೆ ಲದ್ದಿಯನ್ನೂ ತುಂಬಿ, ಅದು ಕೊಳೆಯುವಾಗ ಏಳುವ ಬಿಸಿಯಿಂದ ಚಳಿಗಾಲದಲ್ಲೂ ಸೊಪ್ಪು ಬೆಳೆದು ಮಾರುತ್ತಿದ್ದರು.

ನಮಗೆ ಹಿಮವಿಲ್ಲ, ಗಾಜೂ ಬೇಡ. ನಾವು ಅವರಿಂದ ಕಲಿಯಬೇಕಾದ್ದು ಒಂದೇ: ಆ ಪೆಟ್ಟಿಗೆಯ ಮುಚ್ಚಳವನ್ನು ಅವರು ದಿನವೂ ತೆರೆಯುತ್ತಾರೆ, ದಿನವೂ ಮುಚ್ಚುತ್ತಾರೆ. ಮುಚ್ಚಿದ್ದನ್ನು ಮುಚ್ಚಿಯೇ ಬಿಟ್ಟರೆ ಸಸಿ ಒಳಗೇ ಬೆಂದುಹೋಗುತ್ತದೆ, ಇಲ್ಲವೇ ಬೂಸಲು ಹಿಡಿಯುತ್ತದೆ. ಹೊದಿಕೆಯ ಗುಣ ಅರ್ಧ ಮುಚ್ಚುವುದರಲ್ಲಿದೆ, ಅರ್ಧ ತೆರೆಯುವುದರಲ್ಲಿದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಚೌಕಟ್ಟು ಕಟ್ಟುವ ಬಗೆ ಕೇಳಿ. ನೀರು ನಿಲ್ಲದ, ದಿನವೆಲ್ಲ ಬಿಸಿಲು ಬೀಳುವ, ಮನೆಗೋ ಬಾವಿಗೋ ಹತ್ತಿರದ ಜಾಗ ಆರಿಸಿ. ಹಿಂದಿನ ಫಸಲಿನ ಟೊಮ್ಯಾಟೊ, ಮೆಣಸಿನ ಗಿಡ ಪಕ್ಕದಲ್ಲಿ ನಿಂತಿರಬಾರದು. ಮಣ್ಣನ್ನು ಅಗೆದು ಹುಡಿ ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಮಡಿ ಏರಿಸಿ. ಅಗಲ ೪ ಅಡಿಗಿಂತ ಜಾಸ್ತಿ ಬೇಡ. ಎರಡು ಬದಿಯಿಂದಲೂ ಕೈ ನಡುವಿನತನಕ ಮುಟ್ಟಬೇಕು, ಮಡಿಯ ಮೇಲೆ ಕಾಲಿಡುವಂತಾಗಬಾರದು.

೮ ಅಡಿ ಉದ್ದದ ಬಿದಿರಿನ ದಬ್ಬೆ ಸೀಳಿಕೊಳ್ಳಿ. ಗಂಟುಗಳನ್ನು ಕುಡುಗೋಲಿನಿಂದ ಸವರಿ ನುಣುಪು ಮಾಡಬೇಕು, ಇಲ್ಲದಿದ್ದರೆ ಬಲೆ ಹರಿಯುತ್ತದೆ. ಒಂದು ತುದಿ ಮಡಿಯ ಈ ಅಂಚಿಗೆ, ಇನ್ನೊಂದು ತುದಿ ಆ ಅಂಚಿಗೆ ಮುಕ್ಕಾಲು ಅಡಿ ಊರಿ ಬಿಲ್ಲಿನಂತೆ ಬಗ್ಗಿಸಿ. ನಡುವೆ ಎರಡು ಅಡಿ ಎತ್ತರ ಸಿಕ್ಕುತ್ತದೆ. ನಾಲ್ಕು ನಾಲ್ಕು ಅಡಿಗೆ ಒಂದರಂತೆ ೨೫ ಅಡಿ ಮಡಿಗೆ ಏಳು ಬಿಲ್ಲು ಬೇಕು. ನೆತ್ತಿಯ ಮೇಲೆ ಉದ್ದಕ್ಕೂ ಒಂದು ದಬ್ಬೆ ಕಟ್ಟಿದರೆ ಗಾಳಿಗೆ ಅಲುಗಾಡುವುದಿಲ್ಲ. ಬಿದಿರು ಸಿಗದ ಕಡೆ ದಪ್ಪ ಕಬ್ಬಿಣದ ತಂತಿಯೂ ಆದೀತು. ಕಟ್ಟಿಗೆ ಗೂಟ ನೆಟ್ಟು ಚೌಕವಾಗಿ ಕಟ್ಟಿದರೂ ತಪ್ಪೇನಿಲ್ಲ.

ಈ ಚೌಕಟ್ಟಿಗೆ ಮೊದಲ ಹೊದಿಕೆ ನೈಲಾನ್ ಬಲೆ. ಅಂಗುಲಕ್ಕೆ ೪೦ರಿಂದ ೫೦ ಕಣ್ಣಿರುವ ಸಣ್ಣ ಬಲೆ ಕೇಳಿ ತನ್ನಿ. ಸೊಳ್ಳೆ ಪರದೆಯ ಬಟ್ಟೆ ಇದಕ್ಕೆ ಆಗದು, ಅದರ ಕಣ್ಣು ದೊಡ್ಡದು. ಬಲೆ ೯ ಅಡಿ ಅಗಲ, ೩೦ ಅಡಿ ಉದ್ದ ಇದ್ದರೆ ಸುತ್ತ ಮಣ್ಣಿನೊಳಗೆ ಹೂಳಲು ಅಂಚು ಸಿಗುತ್ತದೆ. ಬಲೆ ಯಾವ ಕಾಲಕ್ಕೂ ಬೇಕು. ಇದು ಸಸಿಗೆ ಮೈಮೇಲಿನ ಅಂಗಿ ಇದ್ದಂತೆ. ಇದರ ಮೇಲೆ ಚಳಿಗೆ ಕಂಬಳಿ, ಮಳೆಗೆ ಗೊರಬು, ಬಿಸಿಲಿಗೆ ಚಪ್ಪರ, ಇವು ಕಾಲ ನೋಡಿ ಹಾಕುವಂಥವು.

ಬಲೆ ಏಕೆ ಅಷ್ಟು ಮುಖ್ಯ ಎಂದರೆ, ಟೊಮ್ಯಾಟೊ ಎಲೆ ಮುದುಡಿ, ಗಿಡ ಗುಜ್ಜಾಗಿ, ಹೂ ನಿಲ್ಲದೆ ಹೋಗುವ ರೋಗವನ್ನು ಕೋಲಾರ, ಚಿಕ್ಕಬಳ್ಳಾಪುರದ ಬೆಳೆಗಾರರೆಲ್ಲ ನೋಡಿದ್ದಾರೆ. ಅದು ನಂಜಾಣುವಿನಿಂದ ಬರುವ ರೋಗ. ನಂಜಾಣುವನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದು ಬಿಳಿ ನೊಣ. ಎಲೆಯ ಕೆಳಗೆ ಕೂತು ರಸ ಹೀರುವ ಈ ಪುಟ್ಟ ಹುಳು ರೋಗದ ಗಿಡದ ರಸ ಕುಡಿದು ಬಂದು ನಿಮ್ಮ ಸಸಿಗೆ ಬಾಯಿ ಹಾಕಿದರೆ ಸಾಕು. ಒಮ್ಮೆ ಹತ್ತಿದ ಮೇಲೆ ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ದೊಡ್ಡ ಗಿಡಕ್ಕೆ ಹತ್ತಿದರೆ ಒಂದಷ್ಟು ಕಾಯಿಯಾದರೂ ಕೈಗೆ ಬಂದೀತು. ಸಸಿಯಲ್ಲೇ ಹತ್ತಿದರೆ ಆ ಗಿಡದ ಫಸಲು ಬಹುಪಾಲು ಹೋದಂತೆಯೇ. ಇನ್ನೂ ಒಂದು ವಿಷಯ: ಸಸಿಯ ಮೇಲೆ ಲಕ್ಷಣ ಕಾಣುವುದಕ್ಕೆ ದಿನ ಹಿಡಿಯುತ್ತದೆ. ಮಡಿಯಲ್ಲಿ ಹಸುರಾಗಿ ಕಂಡದ್ದು ಹೊಲಕ್ಕೆ ಹೋದ ಮೇಲೆ ಮುದುಡುತ್ತದೆ. ಆಗ ರೈತ ಹೊಲವನ್ನು ಬೈಯುತ್ತಾನೆ, ಬೀಜವನ್ನು ಬೈಯುತ್ತಾನೆ. ತಪ್ಪು ನಡೆದದ್ದು ಮಡಿಯಲ್ಲಿ.

ಆದುದರಿಂದ ಬಲೆಯನ್ನು ಬೀಜ ಹಾಕಿದ ದಿನವೇ ಹಾಕತಕ್ಕದ್ದು. ನೊಣ ಕಂಡ ಮೇಲೆ ಹಾಕಿದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಸುತ್ತಲೂ ಅಂಚನ್ನು ಮಣ್ಣಿನಲ್ಲಿ ಹೂಳಿ, ಒಂದೇ ಬದಿಯಲ್ಲಿ ಕಲ್ಲು ಹೇರಿಟ್ಟು ಅಲ್ಲಿಂದ ಮಾತ್ರ ಕೈಯಾಡಿಸಿ, ಕೆಲಸ ಮುಗಿದ ಕೂಡಲೇ ಮುಚ್ಚಿ. ಹರಿದ ಕಡೆ ಅವತ್ತೇ ಸೂಜಿ ದಾರ ಹಿಡಿದು ಹೊಲಿಯಬೇಕು. ಒಳಗೊಂದು ಹಳದಿ ಅಂಟು ಹಾಳೆ ತೂಗುಹಾಕಿ. ನೊಣ ನುಗ್ಗಿದ್ದರೆ ಅದರ ಮೇಲೆ ಕೂತು ನಿಮಗೆ ಸುದ್ದಿ ಹೇಳುತ್ತದೆ.

ಬಲೆಯಿಂದ ಎಲ್ಲವೂ ತಡೆಯಿತು ಎಂದು ತಿಳಿಯಬೇಡಿ. ಮೆಣಸಿನ ಎಲೆ ಮುಟುರು ಮಾಡುವ ಥ್ರಿಪ್ಸ್ ನುಸಿ ಬಹಳ ಸಣ್ಣದು, ಈ ಕಣ್ಣಿನಲ್ಲೂ ನುಸುಳಬಲ್ಲದು. ಬ್ಯಾಡಗಿಯ ಕಡೆ ಮೆಣಸಿನ ಸಸಿ ಹಾಕುವವರು ಬಲೆ ಇದ್ದರೂ ಎರಡು ದಿನಕ್ಕೊಮ್ಮೆ ಎಲೆ ಮಗುಚಿ ನೋಡಲೇಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ, ಎಲೆ ಮುದುಡು ರೋಗ ತಡೆದುಕೊಳ್ಳುವ ಟೊಮ್ಯಾಟೊ ತಳಿಗಳು ಈಗ ಇವೆ. ಅಂಥ ತಳಿ ಹಾಕಿದರೂ ಬಲೆ ಬಿಡಬೇಡಿ. ಗಟ್ಟಿ ಆಳು ಎಂದು ಬೇಕೆಂದೇ ಮಳೆಯಲ್ಲಿ ನಿಲ್ಲಿಸುತ್ತೇವೆಯೇ?

ಇನ್ನು ಕಾಲಕ್ಕೆ ತಕ್ಕ ಹೊದಿಕೆ. ಮೊದಲು ಚಳಿಗಾಲ. ಬೀದರ್, ಕಲಬುರಗಿ, ವಿಜಯಪುರದ ಕಡೆ ಡಿಸೆಂಬರ್, ಜನವರಿಯಲ್ಲಿ ಕೆಲವು ರಾತ್ರಿ ೧೦ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಟೊಮ್ಯಾಟೊ, ಮೆಣಸು, ಕಲ್ಲಂಗಡಿ, ಸೌತೆ ಇವೆಲ್ಲ ಬೆಚ್ಚಗಿನ ಮಣ್ಣು ಬೇಡುವ ಬೀಜಗಳು. ೨೫ರಿಂದ ೩೦ ಡಿಗ್ರಿಯಲ್ಲಿ ಟೊಮ್ಯಾಟೊ ಒಂದು ವಾರದಲ್ಲಿ ಮೇಲೆ ಬಂದರೆ, ಶೀತದಲ್ಲಿ ಅದರ ಎರಡರಷ್ಟು ದಿನ ಮಣ್ಣಿನಲ್ಲೇ ಕೂತು, ಅರ್ಧ ಕೊಳೆತುಹೋಗುತ್ತದೆ. ಬಲೆಯ ಮೇಲೆ ಪಾರದರ್ಶಕವಾದ ಪಾಲಿಥೀನ್ ಹಾಳೆ ಹೊದಿಸಿದರೆ ಹಗಲಿನ ಕಾವು ಒಳಗೆ ಉಳಿಯುತ್ತದೆ. ಆದರೆ ಪಾಲಿಥೀನ್ ಗಾಜಿನಂತಲ್ಲ. ರಾತ್ರಿ ಮಣ್ಣು ಬಿಡುವ ಕಾವಿನಲ್ಲಿ ಬಹಳ ಪಾಲು ಅದನ್ನು ದಾಟಿ ಹೊರಕ್ಕೆ ಹೋಗುತ್ತದೆ. ಅದಕ್ಕೋಸ್ಕರ ಸಂಜೆ ಅದರ ಮೇಲೆ ಗೋಣಿತಾಟನ್ನೋ ಹುಲ್ಲಿನ ಚಾಪೆಯನ್ನೋ ಹಾಸಿ, ಬೆಳಗ್ಗೆ ಬಿಸಿಲು ಬಿದ್ದೊಡನೆ ತೆಗೆಯಿರಿ.

ತೆರೆಯುವ ಹೊತ್ತು ಮರೆಯಬಾರದು. ಆಕಾಶ ತಿಳಿಯಾಗಿರುವ ದಿನ, ಹೊರಗೆ ನಮಗೆ ಹಿತವಾಗಿದ್ದರೂ ಹಾಳೆಯೊಳಗೆ ಮಧ್ಯಾಹ್ನ ೪೦ ಡಿಗ್ರಿ ದಾಟಬಹುದು. ಬೆಳಗ್ಗೆ ೯ ಗಂಟೆಯೊಳಗೆ ಎರಡು ತುದಿ ತೆರೆದು, ಬಿಸಿಲು ಏರಿದಂತೆ ಒಂದು ಬದಿಯನ್ನೂ ಸುತ್ತಿ ಮೇಲಕ್ಕೆ ಕಟ್ಟಿ. ಬಲೆ ಮಾತ್ರ ಹಾಗೇ ಇರಲಿ. ಸಂಜೆ ೪ ಗಂಟೆಗೆ ಕಾವು ಆರುವ ಮುಂಚೆ ಮತ್ತೆ ಮುಚ್ಚಿ. ಈ ಹೊತ್ತಿಗೆ ಗಂಡಸರು ಹೊಲದಲ್ಲೋ ಪೇಟೆಯಲ್ಲೋ ಇರುತ್ತಾರೆ. ಮಡಿಯ ಹತ್ತಿರ ಇರುವವರು ಮನೆಯ ತಾಯಂದಿರು. ತಾಯಂದಿರೇ, ಯಜಮಾನರು ಬಂದು ಹೇಳಲಿ ಎಂದು ಕಾಯಬೇಡಿ. ಹಾಳೆಯೊಳಗೆ ಕೈಯಿಟ್ಟು ನೋಡಿ. ನಿಮ್ಮ ಕೈಗೆ ಉಬ್ಬೆಯೆನಿಸಿದರೆ ಸಸಿಗೂ ಉಬ್ಬೆಯೇ. ತೆರೆದುಬಿಡಿ. ಯಜಮಾನರಿಗೂ ಒಂದು ಮಾತು: ಮಡಿಯ ಉಸ್ತುವಾರಿ ಯಾರ ಕೈಯಲ್ಲಿದೆಯೋ ಅವರನ್ನು ಕೂರಿಸಿಕೊಂಡು ಈ ಲೆಕ್ಕವೆಲ್ಲ ಹೇಳಿ, ತೀರ್ಮಾನವನ್ನೂ ಅವರಿಗೇ ಬಿಡಿ.

ಕಲ್ಲಂಗಡಿ, ಸೌತೆಗೆ ಇದರಿಂದ ಇನ್ನೊಂದು ಲಾಭವುಂಟು. ಇವುಗಳ ಬೇರು ಕಿತ್ತು ನೆಟ್ಟರೆ ತಡೆಯುವುದಿಲ್ಲ. ಸಣ್ಣ ಪಾಲಿಥೀನ್ ಚೀಲದಲ್ಲೋ ಕಾಗದದ ಲೋಟದಲ್ಲೋ ಒಂದೊಂದು ಬೀಜ ಹಾಕಿ ಈ ಹೊದಿಕೆಯೊಳಗೆ ಎರಡು ಮೂರು ವಾರ ಬೆಳೆಸಿ, ಚಳಿ ಮುರಿದೊಡನೆ ಮಣ್ಣಿನ ಹೆಂಟೆ ಒಡೆಯದಂತೆ ನೆಟ್ಟರೆ, ನೆಲದಲ್ಲಿ ಅವತ್ತು ಬೀಜ ಹಾಕಿದವರಿಗಿಂತ ನೀವು ಮುಂದಿರುತ್ತೀರಿ. ಬೇಸಿಗೆಯ ಮೊದಲ ಕಾಯಿಗೆ ಸಂತೆಯಲ್ಲಿ ಏನು ಬೆಲೆ ಎಂಬುದು ನಿಮಗೇ ಗೊತ್ತು.

ಎರಡನೆಯದು ಮಳೆಗಾಲ. ದಪ್ಪ ಹನಿ ಬಿದ್ದರೆ ಎಳೆಯ ಸಸಿ ಮಲಗುತ್ತದೆ, ಬೀಜ ಮೇಲೆದ್ದು ಹರಿದುಹೋಗುತ್ತದೆ, ಮಣ್ಣು ಎಲೆಗೆ ಸಿಡಿದು ರೋಗ ಹತ್ತುತ್ತದೆ. ಆಗ ಪಾಲಿಥೀನ್ ಹಾಳೆಯನ್ನು ನೆತ್ತಿಗೆ ಮಾತ್ರ ಹೊದಿಸಿ, ಎರಡು ಬದಿಯಲ್ಲಿ ಒಂದೊಂದು ಅಡಿ ಬಿಡಿ. ಆ ಕಡೆ ಬಲೆಯ ಮೂಲಕ ಗಾಳಿ ಆಡುತ್ತದೆ. ಮಡಿಯ ಸುತ್ತ ಕಾಲುವೆ ತೋಡಿ ನೀರು ಹರಿದುಹೋಗುವಂತೆ ಮಾಡಿ. ಮಳೆ ನಿಂತೊಡನೆ ಹಾಳೆ ತೆಗೆಯಿರಿ. ಮೋಡವೆಂದು ನಾಲ್ಕಾರು ದಿನ ಮುಚ್ಚಿಯೇ ಇಟ್ಟರೆ ಬುಡಕೊಳೆಯನ್ನು ನೀವೇ ಕರೆದಂತಾಗುತ್ತದೆ.

ಮೂರನೆಯದು ಬೇಸಿಗೆ. ಈಗ ಪಾಲಿಥೀನ್ ಕೂಡದು. ಮೂರು ನಾಲ್ಕು ಅಡಿ ಎತ್ತರಕ್ಕೆ ಬೇರೆ ಗೂಟ ನೆಟ್ಟು ತೆಂಗಿನ ಗರಿಯದೋ ನೆರಳು ಬಲೆಯದೋ ಚಪ್ಪರ ಹಾಕಿ. ಬಿಸಿಲು ಏರಿದಾಗ ನೆರಳು, ಬೆಳಗ್ಗೆ ಸಂಜೆ ಎಳೆಬಿಸಿಲು, ಹೀಗಿರಬೇಕು. ಇಡೀ ದಿನ ಕತ್ತಲಲ್ಲಿ ಬೆಳೆದ ಸಸಿ ಬಿಳಿಚಿ, ಉದ್ದುದ್ದ ಎಳೆದುಕೊಂಡು ನಿಲ್ಲುತ್ತದೆ. ಉದ್ದವಾದದ್ದೇ ಒಳ್ಳೆಯ ಸಸಿ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಗಿಡ್ಡನೆ, ದಪ್ಪ ಕಾಂಡದ, ಕಡು ಹಸುರು ಎಲೆಯ ಸಸಿಯೇ ಒಳ್ಳೆಯದು.

ಬೀಜ ಹಾಕಿದ ಮೇಲೆ ಮಣ್ಣು ಒಣಗದಿರಲೆಂದು ಹುಲ್ಲು ಹೊದಿಸುತ್ತೀರಲ್ಲ, ಅದನ್ನು ಮೊಳಕೆ ಕಂಡ ದಿನವೇ ಎತ್ತಬೇಕು. ಒಂದೆರಡು ದಿನ ತಡವಾದರೂ ಸಸಿಯ ಕುತ್ತಿಗೆ ಸೊಟ್ಟಗಾಗುತ್ತದೆ.

ಬುಡಕೊಳೆಯ ಮಾತು ಬಂತು. ಮೊಳೆತ ಸಸಿ ಬುಡದಲ್ಲಿ ನೀರುಗಟ್ಟಿದಂತಾಗಿ, ಸಣ್ಣಗೆ ಸೊರಗಿ, ಗುಂಪು ಗುಂಪಾಗಿ ಒರಗುತ್ತದೆ. ಮಣ್ಣಿನಲ್ಲಿರುವ ಶಿಲೀಂಧ್ರ ಇದಕ್ಕೆ ಕಾರಣ. ಒತ್ತಾಗಿ ಬೀಜ ಚೆಲ್ಲುವುದು, ನೀರು ಅತಿಯಾಗುವುದು, ಗಾಳಿಯಾಡದಿರುವುದು, ಈ ಮೂರೂ ಸೇರಿದರೆ ಅದಕ್ಕೆ ಹಬ್ಬ. ಹೊದಿಕೆ ಇರುವ ಮಡಿಯಲ್ಲಿ ತೇವ ಬೇಗ ಆರುವುದಿಲ್ಲವಾದ್ದರಿಂದ ನೀವು ಇನ್ನೂ ಎಚ್ಚರವಾಗಿರಬೇಕು. ೪ ಅಂಗುಲಕ್ಕೊಂದು ಗೀರು ಎಳೆದು, ಗೀರಿನಲ್ಲಿ ಅಂಗುಲ, ಒಂದೂವರೆ ಅಂಗುಲಕ್ಕೊಂದು ಬೀಜ ಬಿಡಿ. ನೀರನ್ನು ಬೆಳಗ್ಗೆಯೇ ಕೊಡಿ. ಸಂಜೆ ಕೊಟ್ಟರೆ ರಾತ್ರಿಯೆಲ್ಲ ಎಲೆ ಒದ್ದೆಯಾಗಿರುತ್ತದೆ. ಟ್ರೈಕೋಡರ್ಮ ಪುಡಿಯನ್ನು ನೂರು ಕಿಲೋ ಕಳಿತ ಗೊಬ್ಬರಕ್ಕೆ ಒಂದು ಕಿಲೋದಂತೆ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ವಾರ ಹತ್ತು ದಿನ ಇಟ್ಟು, ಮಡಿಗೆ ಸೇರಿಸಿದರೆ ಒಳ್ಳೆಯ ರಕ್ಷಣೆ. ಇಷ್ಟಾದರೂ ರೋಗ ಕಂಡರೆ ಲೀಟರ್ ನೀರಿಗೆ ೩ ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡ ನೆನೆಯುವಂತೆ ಹಾಕಿ. ಔಷಧಿಯ ಪೊಟ್ಟಣವನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ.

ಕಡೆಯದಾಗಿ, ಸಸಿಯನ್ನು ಹದಗೊಳಿಸುವ ಕೆಲಸ. ಬೆಚ್ಚಗೆ ಬೆಳೆದ ಸಸಿಯನ್ನು ಒಮ್ಮೆಗೇ ಬಯಲಿಗೆ ತಂದು ನಿಲ್ಲಿಸಿದರೆ ಅದು ಬಾಡುತ್ತದೆ. ಟೊಮ್ಯಾಟೊ ಸಸಿ ೨೫ರಿಂದ ೩೦ ದಿನಕ್ಕೆ ನಾಟಿಗೆ ಬರುತ್ತದೆ, ಮೆಣಸಿಗೆ ೩೫ರಿಂದ ೪೫ ದಿನ ಬೇಕು. ನಾಟಿಗೆ ಒಂದು ವಾರ ಮುಂಚಿನಿಂದ ಪಾಲಿಥೀನ್ ಆಗಲಿ ಚಪ್ಪರವಾಗಲಿ ದಿನಕ್ಕಿಷ್ಟು ಹೆಚ್ಚು ಹೊತ್ತು ಸರಿಸುತ್ತಾ ಬನ್ನಿ. ಕೊನೆಯ ಮೂರು ದಿನ ಪೂರ್ತಿ ಬಿಸಿಲು, ಪೂರ್ತಿ ಗಾಳಿ. ನೀರನ್ನೂ ಕಮ್ಮಿ ಮಾಡಿ. ಎಲೆ ತುಸು ಸೊರಗಿದಂತೆ ಕಂಡಾಗ ಕೊಟ್ಟರೆ ಸಾಕು. ಬಲೆಯನ್ನು ಮಾತ್ರ ಕೀಳುವ ದಿನದವರೆಗೂ ತೆಗೆಯಬೇಡಿ. ನಾಟಿಯ ಹಿಂದಿನ ಸಂಜೆ ಮಡಿಗೆ ಚೆನ್ನಾಗಿ ನೀರು ಕಟ್ಟಿ, ಮಾರನೆಯ ದಿನ ಇಳಿಹೊತ್ತಿನಲ್ಲಿ ನೆಟ್ಟರೆ ಸಸಿ ರಾತ್ರಿಯೆಲ್ಲ ಸುಧಾರಿಸಿಕೊಳ್ಳುತ್ತದೆ.

"ಅಲ್ಲ ಸ್ವಾಮಿ, ಈಗ ಎಲ್ಲರೂ ನರ್ಸರಿಯಿಂದ ಟ್ರೇ ಸಸಿ ತರ್ತಾರೆ, ಈ ತಾಪತ್ರಯ ಯಾಕೆ?" ಎಂದು ಕೇಳುವವರಿದ್ದಾರೆ. ತರಲಿ, ಬೇಡ ಎನ್ನುವುದಿಲ್ಲ. ಆದರೆ ತರುವ ಮುಂಚೆ ಇದೇ ಲೆಕ್ಕ ಅಲ್ಲಿಯೂ ನೋಡಿ. ಸಸಿಯ ಮೇಲೆ ಬಲೆ ಉಂಟೇ? ಹರಿದಿದೆಯೇ? ಬಾಗಿಲು ಸದಾ ತೆರೆದೇ ಇದೆಯೇ? ಎಲೆ ಮಗುಚಿದರೆ ನೊಣ ಹಾರುತ್ತದೆಯೇ? ಸಸಿ ಬಿಸಿಲು ಕಂಡು ಗಟ್ಟಿಯಾಗಿದೆಯೇ, ನೆರಳಿನಲ್ಲಿ ಎಳೆದುಕೊಂಡಿದೆಯೇ? ದುಡ್ಡು ಕೊಡುವವರು ನೀವು, ಕೇಳುವ ಹಕ್ಕು ನಿಮಗಿದೆ. ಮನೆಯಲ್ಲೇ ಟ್ರೇಯಲ್ಲಿ ಬೆಳೆಸುವವರಿಗೂ ಈ ಬಿಲ್ಲು, ಈ ಬಲೆ ಹಾಗೆಯೇ ಒದಗುತ್ತದೆ.

ಖರ್ಚಿನ ಮಾತು. ಬಿದಿರು ಬದುವಿನ ಮೇಲೆ ಸಿಗುತ್ತದೆ. ಕೊಳ್ಳಬೇಕಾದ್ದು ಬಲೆ ಮತ್ತು ಹಾಳೆ. ಬಲೆಯನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಇಲಿ ಕಡಿಯದಂತೆ ಸುತ್ತಿಟ್ಟರೆ ಹಲವು ಹಂಗಾಮು ಬರುತ್ತದೆ. ಹಾಳೆ ಕೊಳ್ಳುವಾಗ ಬಿಸಿಲು ತಡೆಯುವಂಥದ್ದನ್ನೇ ಕೇಳಿ. ಸಾದಾ ಹಾಳೆ ಒಂದು ಹಂಗಾಮಿಗೇ ಪುಡಿಯಾಗುತ್ತದೆ. ಹರಿದ ಹಾಳೆಯನ್ನು ಸುಡಬೇಡಿ, ಮಣ್ಣಿಗೂ ಉಳಬೇಡಿ. ಒಟ್ಟುಮಾಡಿ ಗುಜರಿಗೆ ಹಾಕಿ. ಒಬ್ಬರಿಗೆ ಭಾರವಾದರೆ ಎರಡು ಮೂರು ಮನೆಯವರು ಸೇರಿ ಒಂದೇ ಕಡೆ ಮಡಿ ಮಾಡಬಹುದು. ಕಾವಲೂ ಸರದಿಯಲ್ಲಿ ನಡೆಯುತ್ತದೆ.

ಇದರಲ್ಲಿ ಸಂದೇಹವೇನಾದರೂ ಇದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ, ಇಲ್ಲವೇ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ರೋಗದ ಸಸಿ ಕಂಡರೆ ಬೇರು ಸಮೇತ ಒಂದನ್ನು ಕಿತ್ತು, ಚೀಲದಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿ. ಬಾಯಿಮಾತಿನ ವರ್ಣನೆಗಿಂತ ಅದು ಮೇಲು.

ಮುಂದಿನ ಹಂಗಾಮಿಗೆ ನಾಲ್ಕಕ್ಕೂ ಆಗದಿದ್ದರೆ ಒಂದು ಮಡಿಗಾದರೂ ಹೊದಿಕೆ ಕಟ್ಟಿ ನೋಡಿ. ಆ ಮಡಿಯ ಸಸಿಯನ್ನು ಹೊಲದಲ್ಲಿ ಬೇರೆಯಾಗಿ ನೆಟ್ಟು, ಸಾಲಿನ ತುದಿಗೆ ಒಂದು ಗೂಟ ಹೊಡೆದು ಗುರುತು ಮಾಡಿ. ಕಾಯಿ ಬಿಡುವ ಹೊತ್ತಿಗೆ ಎರಡು ಕಡೆ ನಿಂತು ಎಣಿಸಿ. ಆಮೇಲೆ ನನ್ನ ಮಾತು ಬೇಕಾಗಿಲ್ಲ, ನಿಮ್ಮ ಹೊಲವೇ ಹೇಳುತ್ತದೆ.